ಮೊದಲನೇ ಕೈ ಕೆಮ್ಮು

ನನ್ನ ಮನೆಯಲ್ಲಿ ನಾನೂರ ಹನ್ನೆರಡು ಕ್ಯಾಸೆಟ್ಟುಗಳಿವೆ. ಅವುಗಳಲ್ಲಿ ಒಂದರಲ್ಲೂ ಹಾಡು ನೆಟ್ಟಗೆ ಕೇಳುವುದಿಲ್ಲ. ನೆಟ್ಟಗೆ ಕೇಳುವಂಥದ್ದು ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಯಾವ ದಾರಿಹೋಕನೂ ತಂದಿಟ್ಟುಕೊಳ್ಳಬಹುದು. ನಾನು ಕೂಡಿಡುವುದು ಹಳೆಯ ಹಾರ್ಡ್ ರಾಕ್ ಬ್ಯಾಂಡುಗಳ ಕಛೇರಿಗಳನ್ನು. ಅಂದರೆ ನಲವತ್ತು ಐವತ್ತು ವರ್ಷಗಳ ಹಿಂದೆ, ಮೈದಾನದ ತುಂಬ ಜನ ಅರಚುತ್ತಿದ್ದಾಗ, ಗುಂಪಿನಲ್ಲಿದ್ದ ಯಾರೋ ಪುಣ್ಯಾತ್ಮ ಕೋಟಿನೊಳಗೆ ಟೇಪ್ ರೆಕಾರ್ಡರ್ ಬಚ್ಚಿಟ್ಟುಕೊಂಡು ಕದ್ದು ಮಾಡಿದ ಧ್ವನಿಮುದ್ರಣಗಳನ್ನು. ಇವುಗಳಲ್ಲಿ ಹಾಡುಗಾರ ಎರಡು ಬೀದಿ ಆಚೆ ನಿಂತು ಯಾರನ್ನೋ ಬೈಯುತ್ತಿರುವ ಹಾಗಿರುತ್ತದೆ. ಪಕ್ಕದಲ್ಲಿ ಕೂತವನು ಏನನ್ನೋ ಅಗಿಯುವುದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಇದಕ್ಕೆ ನಾವು ‘ವಾತಾವರಣ’ ಎನ್ನುತ್ತೇವೆ. ನನ್ನ ಹೆಂಡತಿ ಬೇರೆ ಏನೋ ಎನ್ನುತ್ತಾಳೆ.

“ಒಂದೇ ಹಾಡು ಮೂವತ್ತೊಂದು ಸಲ ಇದೆಯಲ್ರೀ” ಎಂದು ಅವಳು ಒಮ್ಮೆ ಧೂಳು ಹೊಡೆಯುತ್ತಾ ಕೇಳಿದಳು.

“ಮೂವತ್ತೊಂದು ಊರು ಕಣೇ.”

“ಹಾಡು ಅದೇ ತಾನೆ?”

“ಹದಿನಾಲ್ಕನೇ ಊರಲ್ಲಿ ಅವನು ಎರಡನೇ ಸಾಲು ಮರ್ತುಬಿಟ್ಟಿದಾನೆ.”

“ನೀವು ವಾರಕ್ಕೆ ಮೂರು ಸಲ ತರಕಾರಿ ತರೋದು ಮರೀತೀರ. ಅದನ್ನ ಯಾರೂ ಟೇಪ್ ಮಾಡಿಟ್ಕೊಂಡಿಲ್ಲ” ಎಂದು ಅವಳು ಪೊರಕೆ ಹಿಡಿದು ಒಳಗೆ ಹೋದಳು.

ಈ ಹವ್ಯಾಸಕ್ಕೂ ಕುಲಗೋತ್ರಗಳಿವೆ. ಮೈದಾನದಲ್ಲಿ ಕೂತು ಮಾಡಿದ ಮೂಲ ಟೇಪು ಮೊದಲನೇ ಕೈ. ಅದರ ನಕಲು ಎರಡನೇ ಕೈ. ನಕಲಿನ ನಕಲು ಮೂರನೇ ಕೈ. ಕೈ ಬದಲಾದಂತೆಲ್ಲ ಹಾಡು ಕರಗುತ್ತದೆ, ಗೊರಗೊರ ಬೆಳೆಯುತ್ತದೆ. ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಒಂದು ಟೇಪು ಕೊಟ್ಟರೆ ಒಂದು ಟೇಪು ಬರುತ್ತದೆ. ಹೀಗಾಗಿ ಒಳ್ಳೆಯದು ಬೇಕಾದರೆ ಒಳ್ಳೆಯದು ಇರಬೇಕು. ನನ್ನ ಬಳಿ ಇದ್ದದ್ದೆಲ್ಲ ಎಂಟನೇ ಕೈ, ಒಂಬತ್ತನೇ ಕೈ. ನಮ್ಮ ಗುಂಪಿನಲ್ಲಿ ನನ್ನ ಸ್ಥಾನವೂ ಸುಮಾರಾಗಿ ಅಷ್ಟನೆಯದೇ ಆಗಿತ್ತು.

ಗುಂಪು ಎಂದರೆ ಏಳು ಜನ. ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂಗೋಣೆಯಲ್ಲಿ ಸೇರುತ್ತಿದ್ದೆವು. ಡಾಕ್ಟರೇ ನಮಗೆ ಯಜಮಾನರು. ಅವರಲ್ಲಿ ಮೂರನೇ ಕೈಗಿಂತ ಕೆಳಗಿನದು ಇರಲಿಲ್ಲ. ಕಪಾಟಿಗೆ ಬೀಗ, ಬೀಗದ ಕೈ ಅವರ ಸೊಂಟದಲ್ಲಿ.

ಆ ಭಾನುವಾರ ನನಗೆ ನೆಗಡಿ. ಮೂಗೊರೆಸಿಕೊಳ್ಳುತ್ತಲೇ, ಬದಲಿಗೆಂದು ತಂದಿದ್ದ ನನ್ನ ಟೇಪನ್ನು ಮುಂದಿಟ್ಟೆ. ಡಾಕ್ಟರು ಅದನ್ನು ಆಗತಾನೇ ಕಿತ್ತ ಹಲ್ಲಿನ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಒಂಬತ್ತನೇ ಕೈ. ಇದನ್ನ ಕೇಳೋದಕ್ಕಿಂತ ಊಹೆ ಮಾಡ್ಕೊಳ್ಳೋದೇ ವಾಸಿ ಅಲ್ವೇನ್ರೀ?”

ಎಲ್ಲರೂ ನಕ್ಕರು. ನನಗೆ ಕಿವಿಯವರೆಗೂ ಬಿಸಿಯೇರಿತು. ಏನಾದರೂ ಚುರುಕಾಗಿ ಹೇಳಬೇಕೆಂದು ಬಾಯಿ ತೆರೆದೆ, ಮಾತಿನ ಬದಲು ಕೆಮ್ಮು ಬಂತು. ಎರಡು ಗಿಡ್ಡ ಕೆಮ್ಮು, ಒಂದು ಉದ್ದ ಕೆಮ್ಮು, ಕೊನೆಗೆ ಗಂಟಲಲ್ಲಿ ಬಾಗಿಲು ಕಿರುಗುಟ್ಟಿದಂಥ ಒಂದು ಎಳೆತ.

ಎಲ್ಲರ ತಲೆಯೂ ಒಮ್ಮೆಲೇ ನನ್ನ ಕಡೆ ತಿರುಗಿತು.

ಏಕೆಂದು ಹೇಳಬೇಕು. ಮೂವತ್ತೆಂಟು ವರ್ಷಗಳ ಹಿಂದೆ ಭಾರೀ ಹೆಸರಿನ ಬ್ಯಾಂಡೊಂದು ನಮ್ಮ ಊರಿಗೇ ಬಂದಿತ್ತು, ಒಂದೇ ಒಂದು ಸಲ. ಅದರ ಟೇಪನ್ನೂ ಯಾರೋ ಕದ್ದು ಮಾಡಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆ ಟೇಪಿನ ನಡುವೆ, ಬೇರೆಲ್ಲ ವಾದ್ಯ ನಿಂತು ಗಿಟಾರಿನವನೊಬ್ಬನೇ ಮೆಲ್ಲಗೆ ನುಡಿಸುತ್ತಿರುವಾಗ, ಇಪ್ಪತ್ತು ಸಾವಿರ ಜನ ಉಸಿರು ಬಿಗಿಹಿಡಿದು ಕೂತಿರುವಾಗ, ಮೈಕಿನ ಮಗ್ಗುಲಲ್ಲೇ ಒಬ್ಬ ಕೆಮ್ಮುತ್ತಾನೆ. ಎರಡು ಗಿಡ್ಡ, ಒಂದು ಉದ್ದ, ಕೊನೆಯಲ್ಲಿ ಎಳೆತ. ಆಮೇಲೆ ಅರ್ಧ ನಿಮಿಷ ಇಡೀ ಬ್ಯಾಂಡು ಕಂಬಳಿ ಹೊದ್ದಂತೆ ಸದ್ದು ಮಂದವಾಗುತ್ತದೆ. ಲೋಕದ ಸಂಗ್ರಾಹಕರೆಲ್ಲ ಇದನ್ನು ‘ಕೆಮ್ಮಿನ ಟೇಪು’ ಎಂದೇ ಕರೆಯುತ್ತಾರೆ. ಟೇಪು ಮಾಡಿದವನೇ ಕೆಮ್ಮಿದವನು ಎಂಬುದರಲ್ಲಿ ಎರಡು ಮಾತಿಲ್ಲ.

ಆ ಟೇಪನ್ನು ನಾನು ಇಪ್ಪತ್ತು ವರ್ಷ, ವಾರಕ್ಕೆರಡು ಬಾರಿ ಕೇಳಿದ್ದೆ. ಬೇರೆಯವರಿಗೆ ಕೇಳಿ ಕೇಳಿ ರಾಗ ಬಾಯಿಗೆ ಬರುತ್ತದೆ. ನನಗೆ ಕೆಮ್ಮು ಬಂದಿತ್ತು.

ಡಾಕ್ಟರು ಕುರ್ಚಿಯ ತುದಿಗೆ ಬಂದರು. “ರೀ, ಆ ಕೆಮ್ಮು.”

ನಾನು ಮತ್ತೆ ಮೂಗೊರೆಸಿಕೊಂಡೆ.

“ನೀವು ಇದೇ ಊರಿನವರಲ್ವಾ? ಆಗ ಎಷ್ಟು ವಯಸ್ಸು ನಿಮಗೆ?”

“ಹತ್ತೊಂಬತ್ತು” ಎಂದೆ. ಅದು ಅಪ್ಪಟ ಸತ್ಯ.

“ಅವತ್ತು ಮೈದಾನಕ್ಕೆ ಹೋಗಿದ್ರಾ?”

“ಹೋಗಿದ್ದೆ” ಎಂದೆ. ಅದೂ ಸತ್ಯವೇ. ಗೇಟಿನವರೆಗೆ ಹೋಗಿದ್ದೆ. ಅಲ್ಲಿನ ನೂಕುನುಗ್ಗಲು, ಅಬ್ಬರ ಕಂಡು ಹೆದರಿ, ಟಿಕೆಟ್ಟನ್ನು ಕಿಸೆಯಲ್ಲಿಟ್ಟುಕೊಂಡೇ ಮನೆಗೆ ವಾಪಸು ಬಂದು ಅಮ್ಮನಿಗೆ ಹೊಟ್ಟೆನೋವೆಂದು ಹೇಳಿ ಮಲಗಿದ್ದೆ. ಅದನ್ನು ಅವರು ಕೇಳಲಿಲ್ಲ.

“ಅಂದ್ರೆ ಅದು ನೀವೇನಾ?”

ನಾನು ನಕ್ಕೆ. ಮೂಗಿಗೆ ಕರವಸ್ತ್ರ ಹಿಡಿದು ಸುಮ್ಮನೆ ನಕ್ಕೆ, ಅಷ್ಟೆ. ಡಾಕ್ಟರು ಎದ್ದು ಬಂದು, ಹನ್ನೊಂದು ವರ್ಷದಲ್ಲಿ ಮೊದಲ ಸಲ, ತಮ್ಮ ಕೈಯಾರೆ ನನಗೆ ಕಾಫಿ ಬಗ್ಗಿಸಿ ಕೊಟ್ಟರು.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು.

“ನೀವು ಗೇಟಿಂದಾನೇ ಓಡಿ ಬಂದೆ ಅಂತ ಹೇಳಿದ್ರಲ್ಲ?”

“ನಾನು ಬಾಯಿಬಿಟ್ಟು ಏನಾದ್ರೂ ಹೇಳಿದ್ನಾ? ಅವರೇ ಅಂದ್ಕೊಂಡ್ರು.”

“ಜನನ ಮರಣದ ಆಫೀಸಲ್ಲಿ ಕೂತ್ಕೊಂಡು ಎಲ್ರ ಹತ್ರ ಎರಡೆರಡು ಸಾಕ್ಷಿ ಕೇಳ್ತೀರ” ಎಂದಳು ಅವಳು. “ನಿಮ್ಮನ್ನ ಯಾರೂ ಕೇಳಲ್ಲ ನೋಡಿ.”

ಮಾತು ಚುಚ್ಚಿತು. ಬರುವ ಭಾನುವಾರ ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎಂದು ಆಣೆ ಮಾಡಿದೆ. ಆದರೆ ಬರುವ ಭಾನುವಾರ ಡಾಕ್ಟರು ತಮ್ಮ ಎರಡನೇ ಕೈ ಟೇಪೊಂದನ್ನು, ಬದಲಿಗೆ ಏನೂ ಕೇಳದೆ, ನನ್ನ ಮಡಿಲಿಗೆ ಹಾಕಿದರು. ನಿಜ ಇನ್ನೊಂದು ವಾರ ಕಾಯಬಹುದು ಅನ್ನಿಸಿತು.

ಅಷ್ಟರಲ್ಲಿ ನನ್ನ ನೆಗಡಿ ವಾಸಿಯಾಗಿತ್ತು. ಇದು ದೊಡ್ಡ ಪೇಚು. ಎಲ್ಲರೂ “ಸಾರ್, ಒಂದ್ಸಲ” ಎಂದು ಕೇಳುವಾಗ ಕೆಮ್ಮು ತಾನಾಗಿ ಬರಬೇಕಲ್ಲ. ದಿನಾ ಬೆಳಿಗ್ಗೆ ಬಚ್ಚಲಿನಲ್ಲಿ ಅಭ್ಯಾಸ ಶುರು ಮಾಡಿದೆ. ಮೂರನೇ ದಿನ ಮಹಡಿಯ ಮನೆಯ ಓನರಮ್ಮ ಬಾಗಿಲು ತಟ್ಟಿದರು. ನನ್ನನ್ನು ಕಂಡು ಸೆರಗನ್ನು ಮೂಗಿಗೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದು, ಹೆಂಡತಿಯ ಹತ್ತಿರ ಮಾತ್ರ ಮಾತಾಡಿದರು.

“ಎಷ್ಟು ದಿನ ಆಯ್ತಮ್ಮ ಇದು?”

“ಇಪ್ಪತ್ತು ವರ್ಷ” ಎಂದಳು ನನ್ನ ಹೆಂಡತಿ.

“ಪಾಪ. ನಿನ್ನ ತಾಳ್ಮೆಗೆ ಕೈ ಮುಗೀಬೇಕು. ಮನುಷ್ಯ ಇರೋ ತನಕ ಚೆನ್ನಾಗಿ ನೋಡ್ಕೋ” ಎಂದು ಹೇಳಿ ಅವರು ಹೋದರು. ಅವತ್ತಿನಿಂದ ಬೀದಿಯಲ್ಲಿ ಎಲ್ಲರೂ ನನಗೆ ದಾರಿ ಬಿಟ್ಟು ನಿಲ್ಲತೊಡಗಿದರು.

ಆಫೀಸಿನಲ್ಲಿ ಇನ್ನೊಂದು ಬಗೆ. ಡಾಕ್ಟರ ಬಳಿ ಹಲ್ಲು ತೋರಿಸಿಕೊಂಡ ಸಹೋದ್ಯೋಗಿಯೊಬ್ಬ ಸುದ್ದಿ ತಂದು ಹರಡಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಮೇಜಿನ ಸುತ್ತ ಜನ. ಒಮ್ಮೆ ಹಾಗೇ ಕೆಮ್ಮಿ ತೋರಿಸುತ್ತಿದ್ದಾಗ ಮೇಲ್ವಿಚಾರಕಿ ಮೇಡಂ ಹಿಂದೆ ಬಂದು ನಿಂತಿದ್ದರು. ಅವರಿಗೆ ರಾಕೂ ಗೊತ್ತಿಲ್ಲ, ಟೇಪೂ ಗೊತ್ತಿಲ್ಲ. ಕೆಮ್ಮು ಮಾತ್ರ ಕೇಳಿಸಿತು.

“ಸಾಯೋರ ದಾಖಲೆ ಬರೆಯೋ ಕಡೆ ನೀವೇ ಹೀಗೆ ಕೆಮ್ತಾ ಕೂತ್ರೆ ಬಂದವರು ಏನಂದ್ಕೋಬೇಕು? ಈಗಲೇ ಹೋಗಿ ಎದೆ ಎಕ್ಸ್‌ರೇ ತೆಗೆಸ್ಕೊಂಡು ಬನ್ನಿ.”

“ಮೇಡಂ, ಇದು ಕಾಯಿಲೆ ಅಲ್ಲ.”

“ಮತ್ತೇನು?”

ಇದಕ್ಕೆ ಉತ್ತರ ಎಲ್ಲಿಂದ ಶುರು ಮಾಡುವುದು? ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದೆ. ಎದೆ ಹೊಸ ಸ್ಲೇಟಿನಷ್ಟು ಶುದ್ಧವಾಗಿತ್ತು. ಮೇಡಂ ಅದನ್ನು ಕಿಟಕಿಗೆ ಹಿಡಿದು ನೋಡಿ, “ಹಾಗಿದ್ರೆ ಬೇಕು ಬೇಕು ಅಂತ ಕೆಮ್ತಿದ್ರಾ?” ಎಂದರು. ಎರಡು ತಿಂಗಳಲ್ಲಿ ನನ್ನನ್ನು ಸರಿಯಾಗಿ ಅರ್ಥ ಮಾಡಿಕೊಂಡ ಅಧಿಕಾರಿ ಅವರೊಬ್ಬರೇ.

ಆ ಎಕ್ಸ್‌ರೇ ಡಾಕ್ಟರ ಕಣ್ಣಿಗೆ ಬಿತ್ತು. ಅವರು ಅದನ್ನು ಕೇಳಿ ಪಡೆದು, ಕಟ್ಟು ಹಾಕಿಸಿ, ಹಿಂದೆ ದೀಪ ಇಟ್ಟು ಮುಂಗೋಣೆಯ ಗೋಡೆಗೆ ತೂಗುಹಾಕಿದರು. ದವಡೆ ನೋವಿನಿಂದ ಬಂದವರು ನನ್ನ ಪಕ್ಕೆಲುಬುಗಳನ್ನು ನೋಡುತ್ತಾ ಸರದಿಗೆ ಕಾಯುತ್ತಿದ್ದರು. ಡಾಕ್ಟರು ದೇಶವಿದೇಶದ ಸಂಗ್ರಾಹಕರಿಗೆಲ್ಲ ಕಂಪ್ಯೂಟರಿನಲ್ಲಿ ಸುದ್ದಿ ಮುಟ್ಟಿಸಿದರು. ಪ್ರಶ್ನೆಗಳು ಬಂದವು. ಮೂಲ ಟೇಪು ಎಲ್ಲಿ ಎಂಬುದಕ್ಕೆ ‘ಕಳೆದುಹೋಗಿದೆ’ ಎಂದು ಡಾಕ್ಟರೇ ಊಹಿಸಿ ಬರೆದರು. ಎಡಕ್ಕೆ ತಿರುಗಿ ಕೆಮ್ಮಿದಿರೋ ಬಲಕ್ಕೋ? ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು? ಮುಖ್ಯವಾಗಿ, ಕೆಮ್ಮಿನ ನಂತರ ಅರ್ಧ ನಿಮಿಷ ಸದ್ದು ಮಂದವಾಗಲು ಕಾರಣವೇನು? ಇದರ ಮೇಲೆ ಮೂವತ್ತು ವರ್ಷ ಜಗಳ ನಡೆದಿತ್ತು. ಡಾಕ್ಟರು ಕೇಳಿದಾಗ ನಾನು ಕಣ್ಣು ಮುಚ್ಚಿಕೊಂಡೆ. ‘ನೆನಪಾಗಿ ಗದ್ಗದಿತರಾದರು’ ಎಂದು ಅವರು ಬರೆದುಕೊಂಡರು.

ಇದೆಲ್ಲ ಸಾಲದೆಂಬಂತೆ ಭಾಮೈದ ಬಂದ. ಹೆಂಡತಿಯ ತಮ್ಮ, ಸ್ವಂತ ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆಯಿಂದ ಕಳೆದುಹೋದ ನಾಯಿಯವರೆಗೆ ಊರಿನ ಗೋಡೆಗಳೆಲ್ಲ ಅವನ ಕೈಯಲ್ಲಿ.

“ಭಾವ, ಇಷ್ಟು ದೊಡ್ಡ ವಿಷಯ ಮುಚ್ಚಿಟ್ಕೊಂಡಿದೀರಲ್ಲ” ಎಂದು ನನ್ನ ಮುಂದೆ ಒಂದು ಕಟ್ಟು ಇಳಿಸಿದ. ಹಳದಿ ಕಾಗದ, ಕೆಂಪು ಅಕ್ಷರ: ‘ಮೂವತ್ತೆಂಟು ವರ್ಷಗಳ ಬಳಿಕ ಅದೇ ಕೆಮ್ಮು, ಅದೇ ಗಂಟಲು. ಐತಿಹಾಸಿಕ ಕಛೇರಿಯ ಟೇಪು ಕೇಳಿ. ಕೆಮ್ಮಿನ ಜಾಗದಲ್ಲಿ ಸ್ವತಃ ಅವರೇ ಕೆಮ್ಮಲಿದ್ದಾರೆ. ಪ್ರವೇಶ ಉಚಿತ.’

“ಇದನ್ನ ಹಂಚಿಬಿಟ್ಯಾ?”

“ಮುನ್ನೂರು ಅಂಟ್ಸಿದೀನಿ. ಇದು ಮಿಕ್ಕಿದ್ದು.”

ಹೆಂಡತಿ ಒಂದು ಪತ್ರವನ್ನು ಕೈಗೆತ್ತಿಕೊಂಡು ಓದಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳು ಪತ್ರವನ್ನು ಕಟ್ಟಿನ ಮೇಲಿಟ್ಟು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಪತ್ರದಲ್ಲಿ ಹೇಳಿದ್ದ ಭಾನುವಾರ ಕ್ಲಿನಿಕ್ಕಿನ ಮುಂಗೋಣೆಯಲ್ಲಿ ಮೂವತ್ತು ಕುರ್ಚಿ ಹಾಕಿದ್ದರು. ಡಾಕ್ಟರು ಬಿಳಿ ಕೋಟಿನ ಬದಲು ಚರ್ಮದ ಕರಿ ಜಾಕೆಟ್ಟು ತೊಟ್ಟಿದ್ದರು. ಏರ್ಪಾಡು ಹೀಗಿತ್ತು: ಟೇಪಿನಲ್ಲಿ ಗಿಟಾರು ಒಂಟಿಯಾದ ತಕ್ಷಣ ಅವರು ಸದ್ದು ಪೂರ್ತಿ ಇಳಿಸುವುದು, ಆ ಖಾಲಿಯಲ್ಲಿ ನಾನು ಕೆಮ್ಮುವುದು, ಮತ್ತೆ ಸದ್ದು ಏರಿಸುವುದು. ನಾನು ಗಂಟಲು ಸರಿಮಾಡಿಕೊಳ್ಳಲು ಹೊರಗಿನ ಮೆಟ್ಟಿಲ ಬಳಿ ನಿಂತಿದ್ದೆ.

ಒಬ್ಬ ಹೆಂಗಸು ಹಳದಿ ಪತ್ರ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನಲವತ್ತರ ಹತ್ತಿರದ ವಯಸ್ಸು, ನರ್ಸಿನ ಸಮವಸ್ತ್ರ, ಡ್ಯೂಟಿಯಿಂದ ನೇರವಾಗಿ ಬಂದಂತಿತ್ತು.

“ಕೆಮ್ಮೋರು ನೀವೇನಾ ಸಾರ್?”

ನಾನು ಅಭ್ಯಾಸದಂತೆ ನಕ್ಕೆ.

“ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ತಪ್ಪು ತಿಳ್ಕೋಬೇಡಿ. ನಮ್ಮಪ್ಪಾನೂ ಅವತ್ತು ಅಲ್ಲಿ ಟೇಪ್ ಮಾಡಿದ್ರಂತೆ. ನಾನಾಗ ಒಂದು ವರ್ಷದ ಮಗು. ನನಗೆ ಮೂರು ತುಂಬೋ ಹೊತ್ತಿಗೆ ಅವರು ಹೋಗ್ಬಿಟ್ರು, ಎದೆ ಕಾಯಿಲೆ. ಅವರ ಧ್ವನಿ ಹೇಗಿತ್ತು ಅಂತಾನೇ ನನಗೆ ಗೊತ್ತಿಲ್ಲ. ಆ ಟೇಪನ್ನ ಯಾರೋ ನಕಲು ಮಾಡ್ಕೊಡ್ತೀನಿ ಅಂತ ತಗೊಂಡು ಹೋದೋರು ವಾಪಸ್ ಕೊಡ್ಲೇ ಇಲ್ಲ.”

ನನ್ನ ನಗು ಮುಖದ ಮೇಲೆ ಹಾಗೇ ಉಳಿದಿತ್ತು. ಅದನ್ನು ತೆಗೆಯುವುದು ಹೇಗೆಂದು ತಿಳಿಯಲಿಲ್ಲ.

“ಅಮ್ಮ ಹೇಳ್ತಿದ್ರು, ಎಲ್ಲಾ ಸುಮ್ಮನಿದ್ದಾಗ ಅಪ್ಪಂಗೆ ಕೆಮ್ಮು ಬಂದ್ಬಿಡ್ತಂತೆ. ಕರ್ಚೀಫು ತೆಗೆಯೋಕೆ ಹೋಗಿ ಕೋಟಿನ ಮಡಿಕೆ ಮೈಕಿನ ಮೇಲೆ ಬಿತ್ತಂತೆ. ಅದನ್ನ ಸರಿಮಾಡೋಕೆ ಅರ್ಧ ನಿಮಿಷ ಆಯ್ತು, ಎಲ್ಲಾ ಹಾಳು ಮಾಡ್ಕೊಂಡೆ ಅಂತ ಮನೆಗೆ ಬಂದು ಅತ್ತಿದ್ರಂತೆ.” ಅವರು ಹಳದಿ ಪತ್ರವನ್ನು ನಾಲ್ಕಾಗಿ ಮಡಿಸಿದರು. “ನಿಮಗೂ ಅವತ್ತು ಕೆಮ್ಮು ಬಂದಿತ್ತು ಅಂತ ಇದ್ರಲ್ಲಿ ಓದಿದೆ. ಅಕ್ಕಪಕ್ಕದಲ್ಲೇ ಕೂತಿದ್ರೇನೋ ನೀವಿಬ್ರೂ. ನಿಮ್ಮ ಕೆಮ್ಮಿನ ಹಿಂದೆ ಎಲ್ಲಾದ್ರೂ ನಮ್ಮಪ್ಪನ ಕೆಮ್ಮೂ ಕೇಳುತ್ತಾ ಅಂತ ಬಂದೆ ಸಾರ್. ಸಣ್ಣದಾಗಿ ಕೇಳಿದ್ರೂ ಸಾಕು.”

ನನ್ನ ಐವತ್ತೇಳು ವರ್ಷದ ಬಾಳಿನಲ್ಲಿ ನಾಚಿಕೆಪಟ್ಟ ಸಂದರ್ಭಗಳು ಬೇಕಾದಷ್ಟಿವೆ. ಹರಿದ ಪ್ಯಾಂಟಿನಲ್ಲಿ ಸಭೆ ನಡೆಸಿದ್ದೇನೆ, ಬದುಕಿದ್ದವರಿಗೆ ಮರಣಪತ್ರ ಕೊಟ್ಟಿದ್ದೇನೆ. ಅವೆಲ್ಲ ನಾಚಿಕೆಯೇ ಅಲ್ಲ ಎಂದು ಆ ಮೆಟ್ಟಿಲ ಮೇಲೆ ಗೊತ್ತಾಯಿತು. ಸತ್ತವನೊಬ್ಬನ ಬಳಿ ಉಳಿದಿದ್ದ ಒಂದೇ ಒಂದು ಕೆಮ್ಮನ್ನು ನಾನು ಕಸಿದುಕೊಂಡು, ಅದಕ್ಕೆ ಕಾಫಿ ಕುಡಿದು, ಟೇಪು ಪಡೆದು, ಗೋಡೆಗೆ ಎಕ್ಸ್‌ರೇ ತೂಗುಹಾಕಿಸಿಕೊಂಡಿದ್ದೆ. ಅದೇ ಕ್ಷಣದಲ್ಲಿ ಅವರಿಗೆ ಹೇಳಿಬಿಡಬೇಕಿತ್ತು. ಭಾಮೈದ ಬಂದು ತೋಳು ಹಿಡಿದು, “ಭಾವ, ಶುರು” ಎಂದು ಎಳೆದುಕೊಂಡು ಹೋದ. ನಾನು ಹೋದೆ. ಅದಕ್ಕೂ ನಾಚಿಕೆಯಾಗುತ್ತದೆ.

ಟೇಪು ತಿರುಗಿತು. ಡ್ರಮ್ಮು, ಅರಚಾಟ, ಚಪ್ಪಾಳೆ. ನರ್ಸಮ್ಮ ಎರಡನೇ ಸಾಲಿನಲ್ಲಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಕುತ್ತಿಗೆ ಮುಂದೆ ಚಾಚಿ ಕೂತಿದ್ದರು. ವಾದ್ಯಗಳು ಒಂದೊಂದಾಗಿ ನಿಂತು ಗಿಟಾರು ಒಂಟಿಯಾಯಿತು. ಡಾಕ್ಟರ ಕೈ ಗುಂಡಿಯ ಕಡೆ ಹೋಯಿತು.

“ಸದ್ದು ಇಳಿಸ್ಬೇಡಿ” ಎಂದೆ.

ಡಾಕ್ಟರು ಸನ್ನೆ ಮಾಡಿದರು: ನೀವು ಕೆಮ್ಮಿ.

“ಇಳಿಸ್ಬೇಡಿ ಅಂದೆ” ಎಂದು ಹೋಗಿ ಅವರ ಕೈ ಹಿಡಿದುಕೊಂಡೆ. ಟೇಪು ತಾನೇ ಕೆಮ್ಮಿತು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಎಳೆತ. ಆಮೇಲೆ ಸದ್ದು ಮಂದವಾಯಿತು.

ಮೂವತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ನಾನು ನರ್ಸಮ್ಮನ ಕಡೆ ತಿರುಗಿದೆ.

“ಇದು ನಾನಲ್ಲಮ್ಮ. ನಾನು ಅವತ್ತು ಗೇಟಿಂದ ಒಳಗೇ ಹೋಗಿಲ್ಲ. ಹೆದರಿ ಮನೆಗೆ ಓಡಿ ಬಂದೆ. ಈ ಕೆಮ್ಮು ನಿಮ್ಮಪ್ಪಂದು. ಈಗ ಮಂದ ಆಗಿದೆಯಲ್ಲ, ಅದು ನಿಮ್ಮಪ್ಪನ ಕೋಟು.”

ಭಾಮೈದನೇ ಮೊದಲು, “ಹಾಗಾದ್ರೆ ನನ್ನ ಮುನ್ನೂರು ಪೋಸ್ಟರು?” ಎಂದ. ಡಾಕ್ಟರು ಸಾವಕಾಶವಾಗಿ ಎದ್ದು ಗೋಡೆಯ ದೀಪ ಆರಿಸಿ, ನನ್ನ ಎದೆಯನ್ನು ಮೊಳೆಯಿಂದ ಕಳಚಿ ನನ್ನ ಕೈಗೇ ಕೊಟ್ಟರು.

“ಎರಡು ತಿಂಗಳು. ಎರಡು ತಿಂಗಳು ನಿಮ್ಮ ಎದುರು ನಾನು ಎದ್ದು ನಿಂತಿದೀನಿ. ಇನ್ಮೇಲೆ ಇಲ್ಲಿಗೆ ಬರೋದು ಹಲ್ಲುನೋವಿದ್ರೆ ಮಾತ್ರ.”

ನರ್ಸಮ್ಮ ನಮ್ಮಿಬ್ಬರನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. “ಇನ್ನೊಂದ್ಸಲ ಹಾಕ್ತೀರಾ?” ಎಂದರು. ಹಾಕಿದೆವು. ಆಮೇಲೆ ಮತ್ತೊಮ್ಮೆ. ಆರನೇ ಸಲದ ಹೊತ್ತಿಗೆ ಜನ ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು. ನರ್ಸಮ್ಮ ಅಳಲಿಲ್ಲ. ಯಾವುದೋ ಅಳತೆ ತೆಗೆಯುವವರ ಹಾಗೆ ಕಿವಿಗೊಟ್ಟು ಕೇಳಿದರು.

“ನಾನು ಈ ಟೇಪನ್ನ ತಗೊಂಡು ಹೋಗ್ಲಾ?”

“ಬದಲಿಗೆ ಏನು ಕೊಡ್ತೀರ?” ಎಂಬ ಮಾತು ಡಾಕ್ಟರ ಬಾಯಿಂದ ಅಭ್ಯಾಸಬಲದಿಂದ ಹೊರಬಿತ್ತು. ಅಂದ ಕೂಡಲೇ ಅವರ ಮುಖ ಕಪ್ಪಿಟ್ಟಿತು. ಆ ಭಾನುವಾರ ನಾಚಿಕೆಯಲ್ಲಿ ನನಗೊಬ್ಬರು ಜೊತೆ ಸಿಕ್ಕಂತಾಯಿತು. ಅವರೇ ಟೇಪನ್ನು ಡಬ್ಬಿಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ನರ್ಸಮ್ಮ ಬಾಗಿಲವರೆಗೆ ಹೋಗಿ ನಿಂತರು.

“ಇದು ಅಪ್ಪಂದೇ ಅಂತ ಹೇಳೋಕೆ ಅಮ್ಮಾನೂ ಈಗಿಲ್ಲ ಸಾರ್. ಸೋದರತ್ತೆ ಒಬ್ರಿದಾರೆ, ಅಪ್ಪನ ಅಕ್ಕ. ಅಪ್ಪನ್ನ ಎತ್ತಿ ಆಡಿಸಿ ಬೆಳೆಸಿದೋರು. ಎಂಬತ್ನಾಲ್ಕು ವರ್ಷ. ಮರೆವು ಬಂದಿದೆ, ಕಿವೀನೂ ಮಂದ. ಟೇಪಿನ ಗದ್ದಲ ಅವರಿಗೆ ಹತ್ತಲ್ಲ. ಕಿವಿ ಹತ್ರ ಬಂದು ಒಬ್ರೇ ಮಾತಾಡಿದ್ರೆ ಕೇಳುತ್ತೆ.” ಟೇಪಿನ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೇಳಿದರು, “ನೀವು ಅದೇ ಥರ ಕೆಮ್ತೀರಂತಲ್ಲ.”

ನನ್ನ ಹೆಂಡತಿ ಅಷ್ಟು ಹೊತ್ತೂ ಮೂಲೆಯ ಕುರ್ಚಿಯಲ್ಲಿದ್ದವಳು ಎದ್ದಳು. “ಬರ್ತಾರೆ” ಎಂದಳು.

ಅವರ ಮನೆ ಎರಡು ಕೋಣೆಯದು. ಒಳಗಿನ ಕೋಣೆಯ ಕಿಟಕಿಯ ಬಳಿ ಮಂಚ, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಸಣ್ಣ ಮುದುಕಿ. ನರ್ಸಮ್ಮ ನನಗೆ ಸ್ಟೂಲು ಎಳೆದುಹಾಕಿ ಬಾಗಿಲ ಬಳಿ ಹೋಗಿ ನಿಂತರು. ನಾನು ಬಾಗಿ ಬಾಯನ್ನು ಮುದುಕಿಯ ಕಿವಿಯ ಹತ್ತಿರ ತಂದೆ. ಇದುವರೆಗೆ ಇನ್ನೂರು ಸಲ ಕೆಮ್ಮಿ ತೋರಿಸಿದ್ದೆ, ಒಮ್ಮೆಯೂ ಹೀಗೆ ಹೆದರಿರಲಿಲ್ಲ. ಎರಡು ಗಿಡ್ಡ, ಒಂದು ಉದ್ದ, ಎಳೆತ.

ಮುದುಕಿ ಕಣ್ಣು ತೆರೆಯಲಿಲ್ಲ. ಕೈ ಮಾತ್ರ ಹೊದಿಕೆಯಿಂದ ಹೊರಬಂದು ತಡಕಾಡಿ ನನ್ನ ಮಣಿಕಟ್ಟನ್ನು ಹಿಡಿಯಿತು.

“ಬಂದ್ಯೇನೋ” ಎಂದರು. “ತಣ್ಣೀರು ಕುಡೀಬೇಡ ಅಂತ ಎಷ್ಟು ಬಡ್ಕೊಂಡೆ. ನನ್ನ ಮಾತು ಯಾವತ್ತು ಕೇಳಿದೀಯ ನೀನು?”

ಬಾಗಿಲ ಬಳಿ ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ನೆಲದ ಮೇಲೆ ಕೂತರು. ಈಗ ಅವರು ಅಳುತ್ತಿದ್ದರು. ನಾನಲ್ಲ ಅಜ್ಜಿ ಎಂದು ಹೇಳಬೇಕೆಂದು ಬಾಯಿ ತೆರೆದೆ. ನರ್ಸಮ್ಮ ತಲೆಯಾಡಿಸಿ ಬೇಡವೆಂದರು.

“ಕುಡಿಯಲ್ಲಕ್ಕ” ಎಂದೆ.

“ಹಾಗೇ ಅಂತೀಯ.” ಮುದುಕಿ ಕೈ ಬಿಡಲಿಲ್ಲ. ಹಿಡಿದುಕೊಂಡೇ ಕೇಳಿದರು, “ಮತ್ತೆ ಯಾವಾಗ ಬರ್ತೀಯ?”

ನಾನು ನರ್ಸಮ್ಮನ ಕಡೆ ನೋಡಿದೆ. ಅವರು ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತಿದ್ದರು.

“ಭಾನುವಾರ” ಎಂದೆ. ಭಾನುವಾರ ನನಗೆ ಬೇರೆ ಎಲ್ಲಿಯೂ ಹೋಗುವುದಿರಲಿಲ್ಲ.